ಗೀರಿ ತಿರುಗುವ ಹಲಗೆ: ಕಾರ್ವಿಂಗ್ ಸ್ನೋಬೋರ್ಡಿನ ಅರ್ಧ ಶತಮಾನ

ಹಿಮದ ಇಳಿಜಾರಿನಲ್ಲಿ ಸ್ನೋಬೋರ್ಡನ್ನು ತಿರುಗಿಸಲು ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಸವಾರ ಹಿಂಗಾಲಿನಿಂದ ಹಲಗೆಯ ಬಾಲವನ್ನು ತಳ್ಳಿ ಅಡ್ಡಕ್ಕೆ ಜಾರಿಸುತ್ತಾನೆ. ಹಿಮ ಪುಡಿಯಾಗಿ ಚಿಮ್ಮುತ್ತದೆ, ವೇಗ ತಗ್ಗುತ್ತದೆ, ಹಿಂದೆ ಅಗಲವಾಗಿ ಕೆರೆದ ಗುರುತು ಉಳಿಯುತ್ತದೆ. ಎರಡನೆಯದರಲ್ಲಿ ಹಲಗೆ ತನ್ನ ಉಕ್ಕಿನ ಅಂಚಿನ ಮೇಲೆ ಓರೆಯಾಗಿ ನಿಲ್ಲುತ್ತದೆ. ಮೂಗು ಸೀಳಿದ ಗೀರಿನಲ್ಲೇ ಬಾಲವೂ ಸಾಗುತ್ತದೆ, ಉಳಿಯುವುದು ಸಣ್ಣದೊಂದು ಗೆರೆ ಮಾತ್ರ. ಇದೇ ಕಾರ್ವಿಂಗ್. ಜಾರಿಸುವ ತಿರುವನ್ನು ಎರಡು ಮೂರು ದಿನಗಳಲ್ಲಿ ಕಲಿಯಬಹುದು. ಗೀರುವ ತಿರುವಿಗೆ ತಕ್ಕ ಹಲಗೆ ಬೇಕು, ತಕ್ಕ ಬೆಟ್ಟ ಬೇಕು, ಹೇಳಿಕೊಡುವವರೂ ಬೇಕು. ಈ ಮೂರೂ ಒಂದೇ ಕಡೆ ಕೂಡಿದ್ದು ಸುಮಾರು ಒಂದೂವರೆ ದಶಕ ಮಾತ್ರ.

ಗೀರಿನ ಗುಟ್ಟು ಹಲಗೆಯ ಆಕಾರದಲ್ಲಿದೆ. ಅದರ ಎರಡೂ ಬದಿಗಳು ಒಳಕ್ಕೆ ಬಾಗಿರುವುದರಿಂದ ನಡು ಸಣ್ಣದಾಗಿರುತ್ತದೆ. ಸೈಡ್‌ಕಟ್ ಎನ್ನುವ ಈ ಬಾಗನ್ನು ದೊಡ್ಡ ವೃತ್ತವೊಂದರ ತುಣುಕೆಂದು ಎಣಿಸಿ, ಆ ವೃತ್ತದ ತ್ರಿಜ್ಯವನ್ನು ಮೀಟರುಗಳಲ್ಲಿ ಹೇಳುತ್ತಾರೆ. ಹಲಗೆಯನ್ನು ವಾಲಿಸಿದಾಗ ನಡುವೂ ಹಿಮಕ್ಕೆ ತಾಗುವಂತೆ ಅದು ಬಿಲ್ಲಾಗಿ ಬಾಗಿ, ತಾನೇ ತಿರುವನ್ನು ಹಿಡಿಯುತ್ತದೆ. ವಾಲಿಕೆ ಹೆಚ್ಚಿದಷ್ಟೂ ತಿರುವು ಬಿಗಿಯಾಗುತ್ತದೆ: 10 ಮೀಟರ್ ತ್ರಿಜ್ಯದ ಹಲಗೆಯನ್ನು ಗಟ್ಟಿ ಹಿಮದ ಮೇಲೆ 60 ಡಿಗ್ರಿ ವಾಲಿಸಿದರೆ ತಿರುವಿನ ತ್ರಿಜ್ಯ 5 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಸವಾರನ ಕೆಲಸ ತಿರುಗಿಸುವುದಲ್ಲ, ವಾಲಿಸಿ ತಾಳಿಕೊಳ್ಳುವುದು. ಈ ಲೆಕ್ಕ ಸರಳವಾದರೂ, ಆರಂಭದ ಹಲಗೆಗಳಲ್ಲಿ ಅದಕ್ಕೆ ಬೇಕಾದ ಯಾವುದೂ ಇರಲಿಲ್ಲ.

1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಶಿಗನ್ ರಾಜ್ಯದ ಮಸ್ಕೀಗನ್ ಊರಿನಲ್ಲಿ ಶೆರ್ಮನ್ ಪಾಪೆನ್ ಎಂಬವರು ತಮ್ಮ ಹೆಣ್ಣುಮಕ್ಕಳಿಗಾಗಿ ಎರಡು ಸ್ಕೀಗಳನ್ನು ಒಂದಕ್ಕೊಂದು ಜೋಡಿಸಿ ಆಟಿಕೆಯೊಂದನ್ನು ಮಾಡಿದರು. ಅವರ ಪತ್ನಿ ಅದಕ್ಕೆ ಸ್ನರ್ಫರ್ ಎಂದು ಹೆಸರಿಟ್ಟರು. ಮರುವರ್ಷ ಬ್ರನ್ಸ್‌ವಿಕ್ ಕಂಪನಿ ಅದನ್ನು ತಯಾರಿಸತೊಡಗಿತು. ಅದಕ್ಕೆ ಕಾಲು ಕಟ್ಟುವ ಪಟ್ಟಿಯಾಗಲಿ ಲೋಹದ ಅಂಚಾಗಲಿ ಇರಲಿಲ್ಲ. ಹಿಡಿದುಕೊಳ್ಳಲು ಮೂಗಿಗೊಂದು ಹಗ್ಗವಿತ್ತು, ಅಷ್ಟೇ. 1970ರ ದಶಕದಲ್ಲಿ ಡಿಮಿಟ್ರಿಯೆ ಮಿಲೊವಿಚ್ ಯೂಟಾದಲ್ಲಿ ವಿಂಟರ್‌ಸ್ಟಿಕ್ ಎಂಬ ಹಲಗೆಗಳನ್ನು ಮಾಡಿದರು. ಕವಲುಬಾಲದ ಆ ಹಲಗೆಗಳು ಸಡಿಲವಾದ ಆಳ ಹಿಮದಲ್ಲಿ ತೇಲಲು ಹುಟ್ಟಿದವು, ಗಟ್ಟಿ ಹಿಮದಲ್ಲಿ ಅವುಗಳ ಆಟ ನಡೆಯುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟಾಮ್ ಸಿಮ್ಸ್ ಸ್ಕೇಟ್‌ಬೋರ್ಡಿನ ಕಡೆಯಿಂದ ಹಿಮಕ್ಕೆ ಬಂದರು. 1977ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಕಂಪನಿ ತೆರೆದ ಜೇಕ್ ಬರ್ಟನ್ ಕಾರ್ಪೆಂಟರ್ ತಮ್ಮ ಹಲಗೆಗೆ ಕಾಲಿನ ಪಟ್ಟಿಯನ್ನು ಜೋಡಿಸಿದರು. 1979ರಲ್ಲಿ ಮಿಶಿಗನ್‌ನ ಸ್ನರ್ಫರ್ ಸ್ಪರ್ಧೆಗೆ ಅದನ್ನೇ ತಂದಾಗ ಆಕ್ಷೇಪಣೆ ಎದ್ದು, ಅವರಿಗೆಂದೇ ಮುಕ್ತ ವಿಭಾಗವೊಂದನ್ನು ತೆರೆಯಬೇಕಾಯಿತು. ಅದನ್ನು ಗೆದ್ದವರೂ ಅವರೇ. ಕಾಲು ಹಲಗೆಗೆ ಬಿಗಿಯಾಗಿ ಅಂಟಿಕೊಳ್ಳದೆ ಅಂಚಿನ ಮೇಲೆ ಭಾರ ಹಾಕಲು ಆಗುವುದಿಲ್ಲ. ಆದ್ದರಿಂದ ಕಾರ್ವಿಂಗ್ ಇತಿಹಾಸದ ಮೊದಲ ಗಟ್ಟಿ ಹೆಜ್ಜೆ ಆ ಪಟ್ಟಿ.

ಇಷ್ಟಾದರೂ ಹಲಗೆ ಹೊತ್ತು ಹೋಗಲು ಬೆಟ್ಟವಿರಲಿಲ್ಲ. ಸ್ಕೀ ರೆಸಾರ್ಟುಗಳು ವಿಮೆಯ ಕಾರಣ ಹೇಳಿ, ಅಪಾಯದ ಕಾರಣ ಹೇಳಿ ಸ್ನೋಬೋರ್ಡುಗಳನ್ನು ಲಿಫ್ಟಿನ ಬಳಿಯೇ ತಡೆಯುತ್ತಿದ್ದವು. ಹೊಸಬರ ವೇಷಭಾಷೆ ಹಳಬರಿಗೆ ಹಿಡಿಸದಿದ್ದುದೂ ಒಂದು ಕಾರಣವೇ, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೇ. 1982ರಲ್ಲಿ ವರ್ಮಾಂಟ್‌ನ ಸುಯಿಸೈಡ್ ಸಿಕ್ಸ್ ಎಂಬ ಪುಟ್ಟ ಬೆಟ್ಟ ರಾಷ್ಟ್ರಮಟ್ಟದ ಸ್ಪರ್ಧೆಗೆ ಜಾಗ ಕೊಟ್ಟಿತು. 1983ರಲ್ಲಿ ಅದೇ ರಾಜ್ಯದ ಸ್ಟ್ರಾಟನ್ ದೊಡ್ಡ ರೆಸಾರ್ಟುಗಳ ಪೈಕಿ ಮೊದಲು ಬಾಗಿಲು ತೆರೆಯಿತು. ಆ ಕಾಲದಲ್ಲಿ ಕೆಲವೆಡೆ ಸವಾರ ತರಬೇತುದಾರನ ಮುಂದೆ ತಿರುಗಿ ತೋರಿಸಿ, ನಿಂತು ತೋರಿಸಿ, ಪರವಾನಗಿ ಚೀಟಿ ಪಡೆದ ಮೇಲೆಯೇ ಲಿಫ್ಟ್ ಹತ್ತಬೇಕಿತ್ತು. ಹೀಗೆ ಸ್ನೋಬೋರ್ಡಿನ ಮೊದಲ ಪಠ್ಯ ರೂಪುಗೊಂಡದ್ದು ಕಾವಲುಗಾರನ ಪ್ರಶ್ನೆಗಳಿಂದ: ನಿನಗೆ ನಿಲ್ಲಿಸಲು ಬರುತ್ತದೆಯೇ? ಮುಂದಿನ ದಶಕಗಳಲ್ಲೂ ಪಾಠದ ಒಲವು ಬ್ರೇಕಿನ ಕಡೆಗೇ ಉಳಿದದ್ದಕ್ಕೆ ಇಲ್ಲಿಯೇ ಒಂದು ಬೇರು ಕಾಣುತ್ತದೆ.

ಸ್ಪರ್ಧೆಗಳಲ್ಲಿ ಒಡಕು ಬೇಗನೆ ಕಾಣಿಸಿತು. ಸುಯಿಸೈಡ್ ಸಿಕ್ಸ್‌ನಲ್ಲಿ ನಡೆದದ್ದು ಸ್ಲಾಲಮ್ ಮತ್ತು ಡೌನ್‌ಹಿಲ್, ಎಂದರೆ ತಿರುವು ಮತ್ತು ವೇಗ. ಮರುವರ್ಷ ಕ್ಯಾಲಿಫೋರ್ನಿಯಾದ ಸೋಡಾ ಸ್ಪ್ರಿಂಗ್ಸ್‌ನಲ್ಲಿ ಸಿಮ್ಸ್ ನಡೆಸಿದ ಸ್ಪರ್ಧೆಯಲ್ಲಿ ಹಾಫ್‌ಪೈಪ್ ಸೇರಿತು. ಅದು ಸ್ನೋಬೋರ್ಡಿಂಗೇ ಅಲ್ಲವೆಂದು ಬರ್ಟನ್ ಬಣ ತಕರಾರು ತೆಗೆಯಿತು. ಅರ್ಧ ಕೊಳವೆಯಾಕಾರದ ಹಿಮದ ಕಾಲುವೆಯಲ್ಲಿ ನೆಗೆಯುವ ಆಟವೇ ಮುಂದೆ ಮಾರುಕಟ್ಟೆಯನ್ನು ಆಳಲಿದೆ ಎಂದು ಆಗ ಯಾರೂ ಊಹಿಸಿರಲಾರರು. ಅದೇ ಬರ್ಟನ್ ಕಂಪನಿ 2000ರ ದಶಕದಲ್ಲಿ ಕಾರ್ವಿಂಗ್ ಹಲಗೆಗಳನ್ನು ಕೈಬಿಟ್ಟಿತು.

ಗೀರುವ ತಿರುವು ನಿಜವಾಗಿ ಬಲಿತದ್ದು ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ. ಅಲ್ಲಿನ ಇಳಿಜಾರುಗಳು ಅಗಲ, ಹಿಮ ಗಟ್ಟಿ. ಬಿರುಸು ಹೊರಕವಚದ ಸ್ಕೀ ಬೂಟುಗಳು, ಪರ್ವತಾರೋಹಣದ ಬೂಟುಗಳು ಮನೆಮನೆಯಲ್ಲೂ ಇದ್ದವು. ಸವಾರರು ಅವನ್ನೇ, ಬೂಟನ್ನು ಹಲಗೆಗೆ ಬಿಗಿಯುವ ಲೋಹದ ಫಲಕದ ಬೈಂಡಿಂಗಿಗೆ ಸಿಕ್ಕಿಸಿ ಹೊರಟರು. ಮೊಣಕಾಲು ಅರೆ ಅಂಗುಲ ಸರಿದರೂ ಅಂಚಿಗೆ ಅದು ಗೊತ್ತಾಗುತ್ತಿತ್ತು. 1980ರ ದಶಕದ ನಡುವಿನ ಹೊತ್ತಿಗೆ ಉಕ್ಕಿನ ಅಂಚು, ಸ್ಕೀಯಂತೆ ನುಣುಪಾದ ಪಾಲಿಎಥಿಲೀನ್ ತಳ, ಮರದ ತಿರುಳಿನ ಮೇಲೆ ಗಾಜಿನ ನಾರಿನ ಪದರ, ಎಲ್ಲವೂ ಸಾಮಾನ್ಯವಾದವು. ಫ್ರಾನ್ಸಿನ ಸೆರ್ಜ್ ವಿಟೆಲ್ಲಿ ತಿರುವಿನಲ್ಲಿ ಮೈಯನ್ನೇ ಹಿಮದ ಮೇಲೆ ಚಾಚಿಬಿಡುತ್ತಿದ್ದರು. ಆ ತಿರುವಿಗೆ ಇಂದಿಗೂ ಅವರದೇ ಹೆಸರು. ಸ್ವಿಟ್ಜರ್ಲೆಂಡಿನ ಜೋಸೆ ಫೆರ್ನಾಂಡಿಸ್ ಅಸಮ ಹಲಗೆಯ ಮೇಲೆ ಸ್ಪರ್ಧೆಗಿಳಿದರು.

ಅಸಮ ಹಲಗೆಯ ಕತೆ ಸ್ವಾರಸ್ಯಕರ. ಸವಾರನ ಪಾದಗಳು ಹಲಗೆಗೆ ಓರೆಯಾಗಿ ಕೂರುವುದರಿಂದ ಬೆರಳುಗಳು ಒಂದು ಅಂಚಿನಲ್ಲಿ ಮುಂದಕ್ಕೆ, ಹಿಮ್ಮಡಿಗಳು ಇನ್ನೊಂದು ಅಂಚಿನಲ್ಲಿ ಹಿಂದಕ್ಕೆ ಬರುತ್ತವೆ. ಹಾಗಿದ್ದ ಮೇಲೆ ಎರಡೂ ಬದಿಯ ಬಾಗು ಎದುರುಬದುರಾಗಿ ಏಕಿರಬೇಕು? ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಸರಿಸಿದರೆ ಒತ್ತಡ ಸರಿಯಾದ ಜಾಗಕ್ಕೆ ಬೀಳುತ್ತದೆ. ವಾದ ಸರಿಯೇ ಇತ್ತು. ಕೆಲವು ವರ್ಷ ಆಲ್ಪ್ಸ್ ತುಂಬ ಸೊಟ್ಟಮೂತಿಯ ಹಲಗೆಗಳೇ ಓಡಾಡಿದವು, ಎಡಗಾಲು ಮುಂದಿಡುವವರಿಗೊಂದು, ಬಲಗಾಲಿನವರಿಗೊಂದು. 1990ರ ದಶಕದಲ್ಲಿ ಹಲಗೆಗಳ ನಡು 20 ಸೆಂಟಿಮೀಟರಿನ ಸುತ್ತಮುತ್ತಲಿಗೆ ಇಳಿಯಿತು. ಬೂಟು ಅಂಚಿನಾಚೆ ಚಾಚಿ ಹಿಮಕ್ಕೆ ತಾಗದಂತೆ ಪಾದಗಳನ್ನು ಇನ್ನಷ್ಟು ಮುಂದಕ್ಕೆ, 50ರಿಂದ 65 ಡಿಗ್ರಿವರೆಗೆ, ತಿರುಗಿಸಬೇಕಾಯಿತು. ಪಾದಗಳೇ ಮೂಗಿನ ಕಡೆ ತಿರುಗಿದ ಮೇಲೆ ಎರಡು ಅಂಚುಗಳ ನಡುವಿನ ವ್ಯತ್ಯಾಸ ಅಳಿದುಹೋಯಿತು. ಸೊಟ್ಟಮೂತಿಯೂ ಮೂಲೆ ಸೇರಿತು.

ಈ ಹಲಗೆಗಳು ಸ್ಕೀ ಲೋಕಕ್ಕೂ ಪಾಠ ಹೇಳಿದವು. ಅಂದಿನ ಸ್ಕೀಗಳು ಹೆಚ್ಚುಕಡಿಮೆ ನೇರವಾಗಿದ್ದವು, ತಿರುವಿನ ತ್ರಿಜ್ಯ 40 ಮೀಟರಿನ ಆಸುಪಾಸು. ಸಾಮಾನ್ಯ ಸ್ಕೀಯರ್ ಅವನ್ನು ಜಾರಿಸಿಯೇ ತಿರುಗಿಸುತ್ತಿದ್ದ. ಅದೇ ಬೆಟ್ಟದಲ್ಲಿ ಸ್ನೋಬೋರ್ಡಿಗರು ಬಿಗಿಯಾದ ಗೀರುಗಳನ್ನು ಬಿಡಿಸುತ್ತಿರುವುದು ಎಲ್ಲರ ಕಣ್ಣೆದುರೇ ಇತ್ತು. 1993ರ ಸುಮಾರಿಗೆ ಸ್ಲೊವೇನಿಯಾದ ಎಲಾನ್ ಕಂಪನಿ ಆಳವಾದ ಸೈಡ್‌ಕಟ್ ಇರುವ ಎಸ್‌ಸಿಎಕ್ಸ್ ಸ್ಕೀಯನ್ನು ಹೊರತಂದಿತು, ಕೆಲವೇ ವರ್ಷಗಳಲ್ಲಿ ನೇರ ಸ್ಕೀ ಅಂಗಡಿಗಳಿಂದ ಮಾಯವಾಯಿತು. ಸ್ಕೀಯರುಗಳು ಕಾರ್ವಿಂಗ್ ಕಲಿಯತೊಡಗಿದ ಕಾಲದಲ್ಲೇ ಸ್ನೋಬೋರ್ಡಿಗರು ಅದನ್ನು ಮರೆಯತೊಡಗಿದ್ದು ವಿಪರ್ಯಾಸ.

ಮರೆವಿಗೆ ಕಾರಣ ಹುಡುಕಿದರೆ ಮೊದಲು ಸಿಗುವುದು ಬೂಟು. ಮೆತ್ತನೆಯ ಬೂಟಿನಲ್ಲಿ ನಡೆಯಬಹುದು, ಮೆಟ್ಟಿಲು ಹತ್ತಬಹುದು, ಕಾಲು ನೋಯುವುದಿಲ್ಲ. ಬಾಡಿಗೆ ಅಂಗಡಿಗೆ ಅದೇ ಅನುಕೂಲ, ಶಾಲೆಗೂ ಅದೇ. 1990ರ ದಶಕದ ಜಾಹೀರಾತುಗಳೂ ವಿಡಿಯೊಗಳೂ ಗಾಳಿಯಲ್ಲಿ ತಿರುಗುವ ಹುಡುಗರನ್ನು ತೋರಿಸಿದವು. ಗೀರಿನ ತಿರುವು ಕ್ಯಾಮೆರಾಗೆ ಅಷ್ಟು ಒಗ್ಗುವುದಿಲ್ಲ. ಅದರ ಸುಖ ಸವಾರನ ತೊಡೆಗೂ ಹೊಟ್ಟೆಗೂ ಗೊತ್ತಾಗುತ್ತದೆ, ನೋಡುವವನಿಗಲ್ಲ. ಜತೆಗೆ ಬಿರುಸು ಬೂಟೆಂದರೆ ಸ್ಕೀಯರುಗಳ ಸಂಗ, ಸ್ಕೀಯರುಗಳೆಂದರೆ ನಿನ್ನೆ ಮೊನ್ನೆಯವರೆಗೆ ಲಿಫ್ಟಿನ ಬಳಿ ತಡೆದವರು ಎಂಬ ಮುನಿಸೂ ಇತ್ತು.

ಒಲಿಂಪಿಕ್ಸ್ ಈ ಮರೆವನ್ನು ತಡೆಯಬಹುದಿತ್ತು. 1998ರ ನಾಗಾನೊ ಕೂಟದಲ್ಲಿ ಸ್ನೋಬೋರ್ಡಿನ ಮೊಟ್ಟಮೊದಲ ಚಿನ್ನ ಸಂದದ್ದು ಬಿರುಸು ಬೂಟಿನ ಓಟಕ್ಕೆ. ಶಿಗಾ ಕೊಗೆನ್‌ನಲ್ಲಿ ನಡೆದ ಜೈಂಟ್ ಸ್ಲಾಲಮ್ ಅನ್ನು ಕೆನಡಾದ ರಾಸ್ ರೆಬಾಗ್ಲಿಯಾಟಿ ಸೆಕೆಂಡಿನ ನೂರರಲ್ಲಿ ಎರಡು ಭಾಗದಿಂದ ಗೆದ್ದರು. ಆದರೆ ಜಗತ್ತಿಗೆ ನೆನಪುಳಿದದ್ದು ಆ ಓಟವಲ್ಲ: ಅವರ ಮೂತ್ರದಲ್ಲಿ ಗಾಂಜಾದ ಅಂಶ ಸಿಕ್ಕಿದ್ದು, ಪದಕ ಕಿತ್ತುಕೊಂಡದ್ದು, ಕ್ರೀಡಾ ನ್ಯಾಯಮಂಡಳಿ ಅದನ್ನು ಮರಳಿ ಕೊಡಿಸಿದ್ದು. 2002ರಿಂದ ಇಬ್ಬರು ಅಕ್ಕಪಕ್ಕದಲ್ಲಿ ಓಡುವ ಪ್ಯಾರಲಲ್ ಜೈಂಟ್ ಸ್ಲಾಲಮ್ ಬಂತು. 2014ರ ಸೋಚಿಯಲ್ಲಿ ಪ್ಯಾರಲಲ್ ಸ್ಲಾಲಮ್ ಸೇರಿ, ಮುಂದಿನ ಕೂಟಕ್ಕೇ ಹೊರಬಿತ್ತು. 2010ರಲ್ಲಿ ಪರ್ವತಗಳೇ ಇಲ್ಲದ ನೆದರ್‌ಲ್ಯಾಂಡ್ಸಿನ ನಿಕೊಲಿನ್ ಸೌವರ್‌ಬ್ರೇಯ್ ಚಿನ್ನ ಗೆದ್ದರು. 2018ರಲ್ಲಿ ಚೆಕ್ ದೇಶದ ಎಸ್ಟರ್ ಲೆಡೆಕ್ಕಾ ಒಂದೇ ಕೂಟದಲ್ಲಿ ಸ್ಕೀಯಿಂಗಿನ ಸೂಪರ್-ಜಿ ಮತ್ತು ಸ್ನೋಬೋರ್ಡಿನ ಪ್ಯಾರಲಲ್ ಜೈಂಟ್ ಸ್ಲಾಲಮ್ ಎರಡನ್ನೂ ಗೆದ್ದು, ಎರಡೂ ಆಟಗಳ ಅಂಚಿನ ವಿದ್ಯೆ ಒಂದೇ ಎಂಬುದನ್ನು ತೋರಿಸಿಕೊಟ್ಟರು. ಇಷ್ಟೆಲ್ಲ ಆದರೂ ಅಂಗಡಿಯ ಗೋಡೆಯ ಮೇಲೆ ಕಾರ್ವಿಂಗ್ ಹಲಗೆ ಮರಳಿ ಬರಲಿಲ್ಲ.

ದೊಡ್ಡ ಕಂಪನಿಗಳು ಬಿಟ್ಟ ಜಾಗವನ್ನು ಸಣ್ಣ ಕಮ್ಮಟಗಳು ತುಂಬಿದವು. ಕೊಲರಾಡೊದ ಡೊನೆಕ್, ಕೆನಡಾದ ಕಾಯ್ಲರ್ ಮತ್ತು ಪ್ರಯರ್, ಸ್ವಿಟ್ಜರ್ಲೆಂಡಿನ ಕೆಸ್ಲರ್ ಮತ್ತು ಆಕ್ಸೆಸ್, 2006ರ ಒಲಿಂಪಿಕ್ ಕಂಚು ಗೆದ್ದ ಆಸ್ಟ್ರಿಯಾದ ಸೀಗ್‌ಫ್ರೀಡ್ ಗ್ರಾಬ್ನರ್ ಅವರ ಎಸ್‌ಜಿ, ಇವೆಲ್ಲ ಅಂಥವು. ಗಿರಾಕಿಯ ತೂಕ, ಪಾದದ ಅಳತೆ, ಅವನು ಓಡಿಸುವ ಬೆಟ್ಟದ ಕಡಿದು ಕೇಳಿಕೊಂಡು ಹಲಗೆ ಮಾಡಿಕೊಡುವ ಪದ್ಧತಿ ಇಲ್ಲಿ ಬೆಳೆಯಿತು. 60 ಕಿಲೊ ತೂಗುವವನಿಗೂ 100 ಕಿಲೊ ತೂಗುವವನಿಗೂ ಒಂದೇ ಬಿಗಿಯ ಹಲಗೆ ಹೊಂದುವುದಿಲ್ಲವಾದ್ದರಿಂದ ಇದು ಶೋಕಿಯಲ್ಲ, ಅಗತ್ಯ. ಹೊಸ ಶತಮಾನದ ಮೊದಲ ದಶಕದಲ್ಲಿ ಟೈಟಾನಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆಗಳು ಹಲಗೆಯ ಪದರಗಳೊಳಗೆ ಸೇರಿದವು. ಗಟ್ಟಿ ಹಿಮದ ನಡುಕವನ್ನು ಲೋಹ ನುಂಗುವುದರಿಂದ ಅಂಚು ಕಚ್ಚಿಕೊಂಡೇ ಇರುತ್ತದೆ. ಒಂದೇ ತ್ರಿಜ್ಯದ ಬದಲು ಮೂಗಿನಿಂದ ಬಾಲಕ್ಕೆ ಬದಲಾಗುವ ತ್ರಿಜ್ಯಗಳೂ ಬಂದವು. ಜೈಂಟ್ ಸ್ಲಾಲಮ್ ಹಲಗೆ 180 ಸೆಂಟಿಮೀಟರ್ ದಾಟಿತು. ಓಟಗಾರರಿಗೆ ಇದು ವರವಾಯಿತು. ಬೆಳಗಿನ ಖುಷಿಗಾಗಿ ಬೆಟ್ಟಕ್ಕೆ ಬರುವವನಿಗೆ ಅಷ್ಟುದ್ದದ ಹಲಗೆ ಬಹಳ ಕಡೆ ಅತಿಯಾಯಿತು, ಅದರ ತಿರುವು ಹಿಡಿಯುವಷ್ಟು ಅಗಲದ ಇಳಿಜಾರೇ ಅವನಿಗೆ ಸಿಗುವುದಿಲ್ಲ.

ಬೆಟ್ಟದ ಪ್ರಶ್ನೆ ಈ ವೇಳೆಗೆ ರೂಪ ಬದಲಿಸಿತ್ತು. ನಿಷೇಧಗಳು ಒಂದೊಂದಾಗಿ ಬಿದ್ದವು: ಅಮೆರಿಕದ ರೆಸಾರ್ಟುಗಳಾದ ಆಸ್ಪೆನ್ ಮೌಂಟನ್ 2001ರಲ್ಲಿ, ಟಾವೋಸ್ 2008ರಲ್ಲಿ ಒಪ್ಪಿದವು. ಯೂಟಾದ ಆಲ್ಟಾ, ಡೀರ್ ವ್ಯಾಲಿ, ವರ್ಮಾಂಟ್‌ನ ಮ್ಯಾಡ್ ರಿವರ್ ಗ್ಲೆನ್ ಒಪ್ಪಲಿಲ್ಲ. ಆಲ್ಟಾ ವಿರುದ್ಧ 2014ರಲ್ಲಿ ಹೂಡಿದ ಮೊಕದ್ದಮೆಯೂ ಬಿದ್ದುಹೋಯಿತು. ಕಾರ್ವಿಂಗ್ ಸವಾರನಿಗೆ ಪ್ರವೇಶಕ್ಕಿಂತ ದೊಡ್ಡ ಚಿಂತೆ ನೆಲದ ಹದ. ರಾತ್ರಿಯಿಡೀ ಭಾರಿ ಯಂತ್ರಗಳು ಹಿಮವನ್ನು ಪುಡಿಮಾಡಿ ಸಮನಾಗಿಸಿ, ಕುಂಟೆ ಹೊಡೆದ ಹೊಲದಂತೆ ಸಣ್ಣ ಸಾಲುಗಳನ್ನು ಬಿಟ್ಟುಹೋಗುತ್ತವೆ. ಲಿಫ್ಟ್ ತೆರೆದ ಮೊದಲ ಒಂದೆರಡು ಗಂಟೆ ಆ ಸಾಲುಗಳು ಉಳಿಯುತ್ತವೆ. ಆಮೇಲೆ ಜಾರಿಸುವವರ ಗುಂಪು ಹಿಮವನ್ನು ಕೆರೆದು ಗುಪ್ಪೆಗಳಾಗಿ ಸರಿಸುತ್ತದೆ, ಕೆಳಗಿನ ಮಂಜುಗಡ್ಡೆ ಮೇಲೇಳುತ್ತದೆ. ಜನಸಂದಣಿಯೂ ತೊಡಕೇ. ಗೀರುವವನು ಇಳಿಜಾರಿನ ಒಂದು ಬದಿಯಿಂದ ಇನ್ನೊಂದಕ್ಕೆ ಅಡ್ಡಹಾಯುತ್ತಾನೆ, ಕೆಲವೊಮ್ಮೆ ವೇಗ ಕಳೆಯಲು ಮೇಲ್ಮುಖವಾಗಿಯೂ ತಿರುಗುತ್ತಾನೆ. ಹಿಂದಿನಿಂದ ಬರುವವರು ಅದನ್ನು ನಿರೀಕ್ಷಿಸಿರುವುದಿಲ್ಲ. ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ನಿಯಮದಂತೆ ಮೇಲಿನಿಂದ ಬರುವವನೇ ಕೆಳಗಿನವನನ್ನು ತಪ್ಪಿಸಿ ದಾರಿ ಆರಿಸಿಕೊಳ್ಳಬೇಕು, ನಿಜ. ಆದರೆ ನಿಯಮ ಬೆನ್ನು ಕಾಯುವುದಿಲ್ಲ. ಆದಕಾರಣ ಅನುಭವಿ ಸವಾರರು ಹೆಸರುವಾಸಿ ಶಿಖರಗಳಿಗಿಂತ, ವಾರದ ನಡುವಿನ ದಿನಗಳಲ್ಲಿ ಖಾಲಿ ಇರುವ, ಅಗಲವಾದ, ಮಧ್ಯಮ ಕಡಿದಿನ ಗುಡ್ಡಗಳನ್ನೇ ಮೆಚ್ಚುತ್ತಾರೆ.

ಪಾಠದ ಕತೆ ಎಲ್ಲಕ್ಕಿಂತ ಬಡವಾದದ್ದು. ಅಮೆರಿಕದ ಸ್ನೋಬೋರ್ಡ್ ತರಬೇತುದಾರರ ಸಂಘ 1997ರಲ್ಲಿ ರೂಪುಗೊಂಡಿತು, ಹಂತಹಂತದ ಪ್ರಮಾಣಪತ್ರಗಳು ಬಂದವು. ಮೊದಲ ದಿನದ ಪಾಠ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಹಲಗೆಯನ್ನು ಅಡ್ಡ ಹಿಡಿದು ಜಾರುವುದು, ಉದುರುವ ಎಲೆಯ ಹಾಗೆ ಅತ್ತಿತ್ತ ಸರಿಯುವುದು, ಕೊನೆಗೆ ಎರಡು ಜಾರುತಿರುವುಗಳನ್ನು ಜೋಡಿಸುವುದು. ಸುರಕ್ಷತೆಯ ದೃಷ್ಟಿಯಿಂದ ಇದು ತಪ್ಪಲ್ಲ. ಕಲಿಯುವವರ ಪೈಕಿ ಬಹುಪಾಲು ಜನ ಅಲ್ಲಿಗೇ ನಿಲ್ಲಿಸುವುದು ತೊಂದರೆ. ಕಾರ್ವಿಂಗ್ ಮೇಲಿನ ತರಗತಿಯ ವಿಷಯವಾಗಿ ಉಳಿಯಿತು, ಆ ತರಗತಿಗೆ ಹಣ ಕೊಟ್ಟು ಬರುವವರು ವಿರಳ. ಬಿರುಸು ಬೂಟು ತೊಟ್ಟು ಕಲಿಸಬಲ್ಲ ತರಬೇತುದಾರರು ಒಂದು ತಲೆಮಾರಿನಲ್ಲಿ ಕರಗಿದರು. ಹಿಂಗಾಲಿನಿಂದ ತಳ್ಳುವ ಅಭ್ಯಾಸ ಒಮ್ಮೆ ಮೈಗೂಡಿದರೆ ಬಿಡಿಸುವುದು ಕಷ್ಟ. ಕಡಿಮೆ ಇಳಿಜಾರಿನಲ್ಲಿ, ಕಡಿಮೆ ವೇಗದಲ್ಲಿ, ಬರಿಯ ಅಂಚು ಬದಲಿಸುವ ಅಭ್ಯಾಸದಿಂದ ಮತ್ತೆ ಆರಂಭಿಸಬೇಕಾಗುತ್ತದೆ.

ಶಾಲೆ ಬಿಟ್ಟದ್ದನ್ನು ಸವಾರರ ಕೂಟಗಳು ಎತ್ತಿಕೊಂಡವು. ಸ್ವಿಟ್ಜರ್ಲೆಂಡಿನ ಜಿನಾಲ್ ಬೆಟ್ಟದಲ್ಲಿ ಪಳಗಿದ ಗೆಳೆಯರ ಗುಂಪೊಂದು ವಿಟೆಲ್ಲಿಯ ಚಾಚಿದ ತಿರುವನ್ನು ಎರಡೂ ಅಂಚುಗಳಿಗೆ ಹರಡಿ, ಎಕ್ಸ್‌ಟ್ರೀಮ್ ಕಾರ್ವಿಂಗ್ ಎಂಬ ಶೈಲಿಯನ್ನೂ ಅದಕ್ಕೆಂದೇ ಸ್ವೋರ್ಡ್ ಎಂಬ ಹಲಗೆಯನ್ನೂ ರೂಪಿಸಿತು. ಇಲ್ಲಿ ಭುಜ, ಸೊಂಟ ತಿರುವಿನೊಳಕ್ಕೆ ಸುತ್ತುತ್ತವೆ, ಕಾಲುಗಳು ಚಾಚಿ ಮಡಚುತ್ತವೆ, ಇಡೀ ಮೈ ಹಿಮ ಸವರುತ್ತದೆ. ಓಟದ ಶೈಲಿಯಲ್ಲಿ ಕೆಳಮೈ ವಾಲಿದರೂ ಎದೆ ನೆಟ್ಟಗಿರಬೇಕು. ಎರಡೂ ಪಂಥಗಳ ನಡುವೆ ಯಾವುದು ಸರಿ ಎಂಬ ಜಗಳ ಮುಗಿದಿಲ್ಲ. ಗಡಿಯಾರ ಮುಖ್ಯವಾದವನಿಗೆ ಎರಡನೆಯದು, ಉಳಿದವರಿಗೆ ಎರಡೂ ಸರಿ ಎನ್ನಬೇಕು.

ಜಪಾನಿನಲ್ಲಿ ಕತೆ ಬೇರೆಯಾಯಿತು. ಅಲ್ಲಿ ತಿರುವಿನ ಅಂದವನ್ನೇ ಅಳೆಯುವ ಶ್ರೇಣಿ ಪರೀಕ್ಷೆಗಳೂ ಸ್ಪರ್ಧೆಗಳೂ ಉಳಿದುಕೊಂಡವು. ಹೀಗಾಗಿ ಮೆತ್ತನೆ ಬೂಟಿನ ಸವಾರರೂ ಗೀರುವುದನ್ನು ಬಿಡಲಿಲ್ಲ. ಯೂರೋಪಿನಲ್ಲೂ 2010ರ ದಶಕದಲ್ಲಿ ಕೊರುವಾ ಕಂಪನಿ ತಿರುವನ್ನಷ್ಟೇ ತೋರಿಸುವ ವಿಡಿಯೊಗಳಿಂದ ಹೆಸರಾಯಿತು. ನಡು 26 ಸೆಂಟಿಮೀಟರಿಗೂ ಮೀರಿದ ಅಗಲ ಹಲಗೆಗಳು ಬಂದು, ಮೆತ್ತನೆ ಬೂಟು ಹಿಮಕ್ಕೆ ತಾಗದೆ ಆಳವಾಗಿ ವಾಲುವುದು ಸಾಧ್ಯವಾಯಿತು. ಬಿರುಸು ಬೂಟಿನ ನಿಖರತೆ ಅದಕ್ಕಿಲ್ಲ, ಮಂಜುಗಡ್ಡೆಯ ಮೇಲೆ ಹಿಡಿತವೂ ಕಡಿಮೆ. ಆದರೆ ಹೊಸಬನಿಗೆ ಬೂಟೂ ಬೈಂಡಿಂಗೂ ಬದಲಿಸುವ ಖರ್ಚಿಲ್ಲ, ಮತ್ತು ಅವನು ಗೀರುವುದನ್ನು ಕಲಿಯುತ್ತಿರುವುದು ಬಹುಮಟ್ಟಿಗೆ ಫೋನಿನ ಪರದೆಯಿಂದಲೇ.