ಪೂರ್ವಾನುಮತಿಯ ತಡೆ: ಪೊಲೀಸ್ ಬಲಪ್ರಯೋಗ, ಪರಿಹಾರದ ದಾವೆ ಮತ್ತು ರಾಯಚೂರಿನ ಮೂರು ತಾಲ್ಲೂಕುಗಳು

ಸಿಂಧನೂರು, ಲಿಂಗಸುಗೂರು ಅಥವಾ ಮಸ್ಕಿಯ ಠಾಣೆಯಲ್ಲಿ ಒಬ್ಬ ಕೂಲಿಕಾರನಿಗೆ ಲಾಠಿ ಏಟು ಬಿದ್ದು ಕೈ ಮುರಿಯಿತು ಎಂದಿಟ್ಟುಕೊಳ್ಳೋಣ. ಹೊಡೆದವರ ಮೇಲೆ ಕ್ರಿಮಿನಲ್ ದೂರು ಕೊಡಬಹುದು. ಆದರೆ ಆಸ್ಪತ್ರೆಯ ಖರ್ಚು, ತಪ್ಪಿದ ಕೂಲಿ, ಊರೆದುರು ಹೋದ ಮರ್ಯಾದೆ, ಇವಕ್ಕೆ ಪರಿಹಾರ ಬೇಕಾದರೆ ತಾಲ್ಲೂಕಿನ ಸಿವಿಲ್ ನ್ಯಾಯಾಲಯವೇ ಸಹಜವಾದ ಜಾಗ. ಆ ಬಾಗಿಲಿಗೆ ಅಗಳಿ ಹಾಕಿರುವುದು ಕರ್ನಾಟಕ ಪೊಲೀಸ್ ಅಧಿನಿಯಮ, 1963ರ 170ನೇ ಕಲಂ ಎಂಬುದು ನನ್ನ ವಾದ.

ಕರ್ತವ್ಯದ ಹೆಸರಿನಲ್ಲಿ ಅಥವಾ ಅಧಿಕಾರ ಮೀರಿ ಪೊಲೀಸ್ ಅಧಿಕಾರಿ ಎಸಗಿದ ತಪ್ಪಿಗೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮೊಕದ್ದಮೆಯನ್ನಾಗಲಿ ದಾವೆಯನ್ನಾಗಲಿ ವಿಚಾರಣೆಗೆ ತೆಗೆದುಕೊಳ್ಳಬಾರದು ಎನ್ನುತ್ತದೆ ಈ ಕಲಂ. ಜೊತೆಗೆ ಎರಡು ತಿಂಗಳ ನೋಟಿಸ್ ಬೇರೆ. ಶಿಕ್ಷೆ ಕೇಳುವ ಮೊಕದ್ದಮೆಗೂ ಹಣ ಕೇಳುವ ದಾವೆಗೂ ಒಂದೇ ತಡೆ! ಇತ್ತ ಕಾಲಮಿತಿ ಅಧಿನಿಯಮದ 72ನೇ ವಿಧಿ, ಕಾನೂನಿನ ಅನುಸಾರ ಮಾಡಿದ್ದೆಂದು ಹೇಳಿಕೊಳ್ಳುವ ಕೃತ್ಯದ ಪರಿಹಾರಕ್ಕೆ ಕೊಡುವುದು ಒಂದೇ ವರ್ಷ. ನೋಟಿಸಿಗೂ ಅನುಮತಿಗೂ ಹಿಡಿದ ಕಾಲವನ್ನು ಅದೇ ಕಾಲಮಿತಿ ಅಧಿನಿಯಮದ 15ನೇ ಕಲಂ ಲೆಕ್ಕದಿಂದ ಬಿಡುತ್ತದೆ, ನಿಜ. ಆದರೆ ಸರ್ಕಾರ ಇಷ್ಟು ದಿನದೊಳಗೆ ಉತ್ತರಿಸಬೇಕೆಂಬ ಗಡುವು 170ನೇ ಕಲಮಿನಲ್ಲಿ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ ಕ್ರಿಮಿನಲ್ ಮೊಕದ್ದಮೆಯ ಅನುಮತಿಗೆ 120 ದಿನಗಳ ಗಡುವು ಹಾಕಿದೆ. ಮೀರಿದರೆ ಅನುಮತಿ ಸಿಕ್ಕಿತೆಂದೇ ಅರ್ಥ. ಪರಿಹಾರ ಕೇಳುವವನಿಗೆ ಅಷ್ಟೂ ಇಲ್ಲ.

ಡಿ. ದೇವರಾಜ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್, ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸ ಸಂಬಂಧವಿದ್ದರೆ ಅಧಿಕಾರ ಮೀರಿದ್ದರೂ ಅನುಮತಿ ಬೇಕು ಎಂದಿತು. ಅದು ಕ್ರಿಮಿನಲ್ ಪ್ರಕರಣ. ಆದರೂ ಕಲಮಿನ ಮಾತು ಎರಡಕ್ಕೂ ಒಂದೇ ಆಗಿರುವುದರಿಂದ ಅದರ ನೆರಳು ದಾವೆಯ ಮೇಲೂ ಬೀಳುತ್ತದೆ. ಅಮೆರಿಕದಲ್ಲಿ 1871ರ ನಾಗರಿಕ ಹಕ್ಕು ಕಾಯ್ದೆಯಡಿ ಪೊಲೀಸರ ಮೇಲೆ ದಾವೆ ಹೂಡಲು ಸರ್ಕಾರದ ಅನುಮತಿ ಬೇಕಿಲ್ಲ. ಅಧಿಕಾರಿಗೆ ಅಲ್ಲಿಯೂ ರಕ್ಷಣೆ ಉಂಟು. ಆದರೆ ಅದನ್ನು ತೂಗುವುದು ನ್ಯಾಯಾಲಯ, ಸಚಿವಾಲಯವಲ್ಲ.

ಉಳಿದ ಹಾದಿ ರಿಟ್ ಅರ್ಜಿ. ರುದುಲ್ ಶಾ (1983), ನೀಲಬತಿ ಬೆಹರಾ (1993), ಡಿ.ಕೆ. ಬಸು ತೀರ್ಪುಗಳು ಮೂಲಭೂತ ಹಕ್ಕಿನ ಭಂಗಕ್ಕೆ ನೇರ ಪರಿಹಾರ ಕೊಡಬಹುದೆಂದು ಸ್ಥಾಪಿಸಿದವು. ನೀಲಬತಿ ಪ್ರಕರಣದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ₹1.5 ಲಕ್ಷ ಸಿಕ್ಕಿತು. 2008ರಲ್ಲಿ ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂದು, 2013ರಲ್ಲಿ ಕಾಯಂ ಆದ ಮೇಲೆ ರಾಯಚೂರಿನವರಿಗೆ ಬೆಂಗಳೂರಿನ ಅಲೆದಾಟ ತಪ್ಪಿತು. ಆದರೂ ಸಾಕ್ಷಿಗಳ ಪಾಟೀಸವಾಲು ನಡೆಸಬೇಕಾದ ವಿವಾದಗಳನ್ನು ರಿಟ್ಟಿನಲ್ಲಿ ಸಾಮಾನ್ಯವಾಗಿ ಬಗೆಹರಿಸುವುದಿಲ್ಲ. "ಅವನೇ ಬಿದ್ದು ಕೈ ಮುರಿದುಕೊಂಡ" ಎಂದು ಠಾಣೆ ಹೇಳಿದರೆ, ಕಲಬುರಗಿ ಅವನನ್ನು ಮತ್ತೆ ಸಿವಿಲ್ ನ್ಯಾಯಾಲಯಕ್ಕೇ ಕಳಿಸಬಹುದು. ಅಲ್ಲಿ 170 ಕಾದಿರುತ್ತದೆ.

ಕಸ್ಟಡಿಯಲ್ಲಿ ಆದ ಗಾಯಕ್ಕೆ ಪೊಲೀಸರೇ ಕಾರಣರೆಂದು ಭಾವಿಸಲು ನ್ಯಾಯಾಲಯಕ್ಕೆ ಅವಕಾಶ ಕೊಡಬೇಕೆಂದು ಕಾನೂನು ಆಯೋಗ 1985ರಲ್ಲೇ ತನ್ನ 113ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. 2023ರ ಸಾಕ್ಷ್ಯ ಕಾನೂನಿನಲ್ಲೂ ಅದಕ್ಕೆ ಜಾಗ ಸಿಗಲಿಲ್ಲ. ಇದು ನನಗೆ ಅತ್ಯಂತ ನೋವಿನ ಲೋಪವಾಗಿ ಕಾಣುತ್ತದೆ: ಠಾಣೆಯ ನಾಲ್ಕು ಗೋಡೆಯೊಳಗೆ ಪೆಟ್ಟು ತಿಂದವನು ಸಾಕ್ಷಿಯನ್ನು ಎಲ್ಲಿಂದ ತಂದಾನು?

170ನೇ ಕಲಮಿನ ಅನುಮತಿಯ ಷರತ್ತಿನಿಂದ ದಾವೆಯನ್ನು ಕೈಬಿಟ್ಟು, ನೋಟಿಸನ್ನು ಮಾತ್ರ ಉಳಿಸಿದರೆ ಸಾಕು. ಅದನ್ನು ರಾಜ್ಯದ ಶಾಸಕಾಂಗವೇ ಮಾಡಬಹುದು. ಅಲ್ಲಿಯವರೆಗೆ ಪರಮವೀರ್ ಸಿಂಗ್ ಸೈನಿ ತೀರ್ಪು (2020) ಒಂದು ಆಸರೆ. ಠಾಣೆಯ ಸಿಸಿಟಿವಿ ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕೆಂದು ಅದು ಆದೇಶಿಸಿದೆ. ಅನುಮತಿಯ ಕಡತ ಬೆಂಗಳೂರಿನಿಂದ ಮರಳುವ ಮೊದಲೇ ಆ ದೃಶ್ಯ ಅಳಿಸಿಹೋಗಬಹುದು. ಆದ್ದರಿಂದ ಗಾಯದ ಪ್ರಮಾಣಪತ್ರ ಕೈಸೇರಿದ ವಾರದಲ್ಲೇ ದೃಶ್ಯ ಕಾಯ್ದಿಡುವಂತೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಮಹಿಳೆಯರು, ಪರಿಶಿಷ್ಟರು ಮತ್ತು ಕಸ್ಟಡಿಯಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ವಕೀಲರ ನೆರವು ಹಕ್ಕಾಗಿಯೇ ಇದೆ. ಆ ಅರ್ಜಿಯನ್ನು ಅವರಿಂದಲೇ ಬರೆಸಬಹುದು.