ಕಾರ್ಬ್ಯುರೇಟರಿಗೂ ಹೊಲಿಗೆ

ಪಂಪ್ ಸ್ಟವ್ ಹೊತ್ತಿಸಿ ಅಡಿಗೆ ಮಾಡಿದವರಿಗೆ ಕಾರ್ಬ್ಯುರೇಟರಿನ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಪ್ಪಲಿನ ತೂತಿನಲ್ಲಿ ಒಂದು ಕಣ ಕಸ ಕೂತರೆ ಸಾಕು, ನೀಲಿ ಉರಿ ಹೋಗಿ ಹಳದಿ ಉರಿ, ಮಸಿ ಹಿಡಿದ ಪಾತ್ರೆ, ಪಿನ್ನಿಗಾಗಿ ಮನೆಯೆಲ್ಲ ಹುಡುಕಾಟ. ಹಳೆಯ ಕಾರುಗಳಲ್ಲಿ ಪೆಟ್ರೋಲನ್ನು ಗಾಳಿಯೊಡನೆ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುತ್ತಿದ್ದ ಸಾಧನ ಈ ಕಾರ್ಬ್ಯುರೇಟರ್. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಗಂಡನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಕಾರಿನಲ್ಲಿ ಹೊರಟಾಗ, ಕಟ್ಟಿಕೊಂಡ ಇಂಧನದ ನಳಿಗೆಯನ್ನು ಬಿಡಿಸಿದ್ದು ತನ್ನ ಟೋಪಿಯ ಪಿನ್ನಿನಿಂದ. ಸ್ಟವ್ ಪಿನ್ನಿನ ಅಕ್ಕನೆಂದೇ ಅದನ್ನು ಕರೆಯಬಹುದು!

ಇಂಗ್ಲೆಂಡಿನ ಎಸ್.ಯು. ಕಾರ್ಬ್ಯುರೇಟರಿನ ಕಥೆಯಲ್ಲೂ ಸೂಜಿ ಬರುತ್ತದೆ. ಹರ್ಬರ್ಟ್ ಸ್ಕಿನ್ನರ್ ಮತ್ತು ಅವನ ತಮ್ಮ ಕಾರ್ಲ್, ‘ಲಿಲ್ಲಿ ಅಂಡ್ ಸ್ಕಿನ್ನರ್’ ಎಂಬ ಪಾದರಕ್ಷೆ ವ್ಯಾಪಾರದ ಮನೆತನದವರು. ಮೋಟಾರಿನ ಹುಚ್ಚು ಹಿಡಿದ ಹರ್ಬರ್ಟ್ 1904ರಲ್ಲಿ ಹೊಸ ಬಗೆಯ ಕಾರ್ಬ್ಯುರೇಟರ್ ಕಂಡುಹಿಡಿದ. ಅದರೊಳಗೆ ಕಮ್ಮಾರನ ತಿದಿಯಂಥ ಒಂದು ಚರ್ಮದ ತಿದಿ. ಎಂಜಿನ್ನಿನ ಹೀರುವಿಕೆಗೆ ತಕ್ಕಂತೆ ಅದು ಏರಿಳಿದು ಗಾಳಿಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುತ್ತಿತ್ತು. ಚಪ್ಪಲಿ ಮನೆತನದವನಿಗೆ ಚರ್ಮಕ್ಕೇನು ಕೊರತೆ? ಹೊಲಿದವರು ಯಾರು? ತಾಯಿ ಕೂತು ಆ ತಿದಿಗಳನ್ನು ಹೊಲಿಯುತ್ತಿದ್ದುದು ಹರ್ಬರ್ಟನ ಮಗನ ನೆನಪಿನಲ್ಲಿ ಉಳಿದಿತ್ತು. ಹಕ್ಕುಪತ್ರ ಗಂಡನ ಹೆಸರಿಗೆ ಬಂತು. 1910ರಲ್ಲಿ ‘ಸ್ಕಿನ್ನರ್ಸ್ ಯೂನಿಯನ್’ ಎಂಬ ಹೆಸರಿನ ಮೊದಲಕ್ಷರಗಳಿಂದ ಎಸ್.ಯು. ಕಂಪನಿಯಾಯಿತು. ಆ ಅಕ್ಷರಗಳಲ್ಲಿ ಹೊಲಿದವಳಿಗೂ ಪಾಲುಂಟೆಂದು ನಾನು ನಂಬಿಕೊಂಡಿದ್ದೇನೆ. ಮುಂದೆ ಚರ್ಮ ಹೋಗಿ ಹಿತ್ತಾಳೆಯ ಪಿಸ್ಟನ್ ಬಂತು. 1926ರಲ್ಲಿ ಕಂಪನಿಯನ್ನು ಮೋರಿಸ್ ಕಾರುಗಳ ವಿಲಿಯಂ ಮೋರಿಸ್ ಕೊಂಡ. ನಮ್ಮ ಅಂಬಾಸಡರ್, ಆ ಮೋರಿಸ್ ಮನೆಯ ‘ಆಕ್ಸ್‌ಫರ್ಡ್’ ಕಾರಿನ ಮಗಳೇ.

ಯುದ್ಧ ಬಂದಾಗ ಸ್ಪಿಟ್‌ಫೈರ್ ವಿಮಾನದ ಎಂಜಿನ್ನಿಗೂ ಎಸ್.ಯು. ಕಾರ್ಬ್ಯುರೇಟರೇ. ಒಂದು ದೋಷವಿತ್ತು: ವಿಮಾನ ಥಟ್ಟನೆ ಮೂಗು ತಗ್ಗಿಸಿ ಕೆಳಗೆ ಧುಮುಕಿದರೆ ಪೆಟ್ರೋಲಿನ ಹದ ಕೆಟ್ಟು ಎಂಜಿನ್ ಮುಗ್ಗರಿಸುತ್ತಿತ್ತು. ಎದುರಾಳಿ ಜರ್ಮನ್ ವಿಮಾನಗಳಲ್ಲಿ ಪೆಟ್ರೋಲನ್ನು ನೇರವಾಗಿ ಚಿಮ್ಮಿಸುವ ವ್ಯವಸ್ಥೆಯಿದ್ದುದರಿಂದ ಅವುಗಳಿಗೆ ಈ ತೊಂದರೆ ಇರಲಿಲ್ಲ. ಆಕಾಶದಲ್ಲಿ ಆ ಕ್ಷಣ ಹುಡುಗರ ಪ್ರಾಣದ ಪ್ರಶ್ನೆ. 1941ರಲ್ಲಿ ಫಾರ್ನ್‌ಬರೋ ಸಂಶೋಧನಾ ಕೇಂದ್ರದ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್, ನಡುವೆ ತೂತುಳ್ಳ ಒಂದು ಚಿಕ್ಕ ಹಿತ್ತಾಳೆಯ ತುಂಡಿನಿಂದ ಪೆಟ್ರೋಲಿನ ನುಗ್ಗಾಟಕ್ಕೆ ತಡೆ ಹಾಕಿದಳು. ಅದನ್ನು ಕೂರಿಸಲು ವಿಮಾನವನ್ನು ಕಾರ್ಖಾನೆಗೆ ಸಾಗಿಸಬೇಕಿರಲಿಲ್ಲ. ತನ್ನ ತಂಡದೊಡನೆ ವಿಮಾನ ನಿಲ್ದಾಣಗಳನ್ನು ಸುತ್ತಿ ಕೂರಿಸಿ ಬಂದಳು. ದೋಷ ಪೂರ್ತಿ ಹೋಗಲಿಲ್ಲ, ಹೊಸ ಕಾರ್ಬ್ಯುರೇಟರ್ ಬರುವವರೆಗೆ ಕಾಲ ಹಾಕಲು ಸಾಕಾಯಿತು. ಆ ತುಂಡಿಗೆ ಗಂಡಸರು ಇಟ್ಟ ಅಡ್ಡಹೆಸರು ಒಂದಿದೆ, ಇಲ್ಲಿ ಬರೆಯುವಂಥದ್ದಲ್ಲ.

ಕೊನೆಗೆ ಕಾರುಗಳಲ್ಲೂ ಆ ಚಿಮ್ಮಿಸುವ ವ್ಯವಸ್ಥೆಯೇ ಗೆದ್ದಿತು. ಹೊಗೆಯ ಕಾನೂನುಗಳು ಬಿಗಿಯಾದಂತೆ ಕಾರ್ಬ್ಯುರೇಟರ್ ಗುಜರಿಗೆ ಬಿತ್ತು, ಗುಜರಿಯಿಂದ ಎದ್ದು ವ್ಯಾಪಾರಕ್ಕೆ ಬಂತು. ಅಮೆರಿಕದ ಹರ್ಷಿಯಲ್ಲಿ 1955ರಿಂದ, ಇಂಗ್ಲೆಂಡಿನ ಬ್ಯೂಲಿಯಲ್ಲಿ 1967ರಿಂದ ಹಳೆ ಕಾರಿನ ಬಿಡಿಭಾಗಗಳ ಸಂತೆ ಸೇರುತ್ತದೆ. ತಗಡಿನ ಡಬ್ಬಿಗಳಲ್ಲಿ ಸ್ಕ್ರೂ, ಜೆಟ್, ಫ್ಲೋಟ್. ನಮ್ಮ ಸಂತೆಯಲ್ಲಿ ಸ್ಟೀಲ್ ಪಾತ್ರೆಗೆ ಹಳೆ ಸೀರೆ ಕೊಡುವಾಗಿನ ಚೌಕಾಸಿಯೇ ಅಲ್ಲೂ.

‘ಪುನರ್ನಿರ್ಮಿತ’ ಎಂಬ ಚೀಟಿ ಅಂಟಿಸಿದ್ದೆಲ್ಲ ಹಾಗಿರುವುದಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿ ಹೊಳಪು ಬರಿಸಿ ಮಾರುವವರಿದ್ದಾರೆ. ನಿಜವಾದ ಕೆಲಸ ಬೇರೆ. ವರ್ಷಗಟ್ಟಲೆ ತಿರುಗಿ ಥ್ರಾಟಲ್ ಕಂಬಿಯ ಸುತ್ತ ತೂತು ಅಗಲವಾಗಿರುತ್ತದೆ, ಅಲ್ಲಿಂದ ಕಳ್ಳಗಾಳಿ ನುಗ್ಗಿ ನಿಂತ ಕಾರು ನಡುಗುತ್ತದೆ. ಅದನ್ನು ಕೊರೆದು ಹೊಸ ಬುಷ್ ಕೂರಿಸಬೇಕು, ಸವೆದ ಸೂಜಿ, ಜೆಟ್ ಬದಲಿಸಬೇಕು. ಎಸ್.ಯು.ನಲ್ಲಿ ಪಿಸ್ಟನ್ ಮತ್ತು ಅದರ ಮೇಲಿನ ಗುಮ್ಮಟ ಜೋಡಿಯಾಗಿಯೇ ತಯಾರಾದವು. ಎರಡು ಹಾಳಾದವುಗಳಿಂದ ಒಂದೊಂದು ತೆಗೆದು ಸೇರಿಸಿದರೆ, ಒಂದರ ಮುಚ್ಚಳ ಇನ್ನೊಂದು ಡಬ್ಬಿಗೆ ಹಾಕಿದ ಹಾಗೆ. ಜಾಣ ಗಿರಾಕಿ ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಹಿಡಿದು, ತೆಂಗಿನಕಾಯಿ ಕುಲುಕಿದಂತೆ ಕುಲುಕುತ್ತಾನೆ. ಒಳಗೆ ಪೆಟ್ರೋಲ್ ಕುಲುಕಾಡಿದರೆ ಅದು ಸೋರುತ್ತಿದೆ ಎಂದರ್ಥ. ಕಾಯಿಗಾದರೆ ನೀರು ಒಳ್ಳೆಯದು, ಇಲ್ಲಿ ತದ್ವಿರುದ್ಧ.

1996ರಿಂದ ಎಸ್.ಯು. ಹೆಸರು ಸ್ಯಾಲಿಸ್‌ಬರಿಯ ಬರ್ಲೆನ್ ಸಂಸ್ಥೆಯ ಕೈಯಲ್ಲಿದ್ದು, ಹೊಸ ಭಾಗಗಳು ತಯಾರಾಗುತ್ತಲೇ ಇವೆ. ಈಗಿನ ತೊಂದರೆಯೆಂದರೆ ಎಥೆನಾಲ್ ಬೆರೆಸಿದ ಪೆಟ್ರೋಲ್. ಹಳೆಯ ರಬ್ಬರ್ ಸೀಲುಗಳು ಅದರಲ್ಲಿ ಕೆಡುತ್ತವೆ. ಅದಕ್ಕೇ ಕೊಳ್ಳುವವರು ಈಗ ಬೆಲೆಗಿಂತ ಮೊದಲು, ಯಾವ ರಬ್ಬರ್ ಹಾಕಿದ್ದೀರಿ ಎಂದು ಕೇಳುತ್ತಾರೆ. ಮಾರುವವರೂ ಒಂದು ಮಾತು ಕೇಳುತ್ತಾರೆ: ನಿಮ್ಮ ಹಳೆಯದನ್ನು ತಂದಿದ್ದೀರಾ? ತಂದರೆ ಬೆಲೆಯಲ್ಲಿ ಅಷ್ಟು ಕಡಿಮೆ.