ಕಾರೂ ಒಂದು ‘ಸ್ಥಳ’ವೇ? ಮದ್ಯ ಸಾಗಣೆಯ ಒಂದು ಮೇಲ್ಮನವಿ

ಹೆಬ್ಬಾಳದ ರಸ್ತೆಯಲ್ಲೋ ಯಶವಂತಪುರದ ಕಡೆಯೋ ರಾತ್ರಿ ವೇಳೆ ವಾಹನ ನಿಲ್ಲಿಸಿ ಡಿಕ್ಕಿ ತೆಗೆಸುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಆ ಅಧಿಕಾರಕ್ಕೂ ಒಂದು ಇತಿಹಾಸವಿದೆ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕನ್ನಡ ನಾಡು ಹಂಚಿಹೋಗಿತ್ತು. ಪಾನನಿರೋಧಕ್ಕೆ ಮೈಸೂರಿನಲ್ಲಿ 1948ರ ಕಾಯ್ದೆಯಾದರೆ, ಧಾರವಾಡ, ಬೆಳಗಾವಿಗಳಿಗೆ ಮುಂಬಯಿಯ 1949ರ ಕಾಯ್ದೆ. ಮುಂಬಯಿ ಕಾಯ್ದೆಯನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ 1951ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರೆದವರು ನ್ಯಾಯಮೂರ್ತಿ ಸೈಯದ್ ಫಜಲ್ ಅಲಿ. ಕಾಯ್ದೆಯ ಬಹುಭಾಗ ಉಳಿಯಿತು. ಮದ್ಯಸಾರ ಬೆರೆತ ಔಷಧಿಗಳಿಗೂ ಹೇರಿದ್ದ ನಿಷೇಧ ಬಿದ್ದುಹೋಯಿತು.

ಮೈಸೂರು ರಾಜ್ಯದಲ್ಲಿ 1967ರಲ್ಲಿ ಪಾನನಿರೋಧ ಸಡಿಲವಾಯಿತು. ಪರವಾನಗಿಯಿಲ್ಲದ ಸಾಗಣೆ ಮಾತ್ರ 1965ರ ಅಬಕಾರಿ ಕಾಯ್ದೆಯಲ್ಲಿ ಅಪರಾಧವಾಗಿಯೇ ಉಳಿಯಿತು. ಈ ಕಾಯ್ದೆಯಡಿ, ಕಾರಿನಲ್ಲಿ ಮದ್ಯ ಸಿಕ್ಕಿತೆಂದು ಶಿಕ್ಷೆಗೊಳಗಾದ ಒಬ್ಬರ ಮೇಲ್ಮನವಿಯನ್ನು 1979ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. 54ನೇ ಕಲಮಿನ ಪ್ರಕಾರ ವಾರಂಟ್ ಇಲ್ಲದೆ ಶೋಧಿಸುವ ಅಧಿಕಾರಿ ಮೊದಲು ಅದಕ್ಕೆ ಕಾರಣಗಳನ್ನು ಬರೆದಿಡಬೇಕು. ಈ ಇನ್‌ಸ್ಪೆಕ್ಟರ್ ಬರೆದಿರಲಿಲ್ಲ. ಕಾರು ‘ಸ್ಥಳ’ವಲ್ಲ, ಆದ್ದರಿಂದ ಆ ನಿಯಮ ಅನ್ವಯಿಸದು ಎಂಬುದು ಹೈಕೋರ್ಟಿನ ನಿಲುವಾಗಿತ್ತು. ಆದರೆ ‘ಸ್ಥಳ’ ಎಂದರೆ ವಾಹನವೂ ಸೇರಿದೆ ಎಂದು ಅದೇ ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ! ಅದನ್ನು ಯಾರೂ ತೆರೆದು ನೋಡಿರಲಿಲ್ಲವೆಂದು ಕಾಣುತ್ತದೆ. ಶಿಕ್ಷೆ ರದ್ದಾಯಿತು. ಮದ್ಯದ ಆರೋಪಿ ಪಾರಾದನಲ್ಲ ಎಂದು ಕೆಲವರಿಗೆ ಬೇಸರವಾಗಬಹುದು. ಆದರೆ ನಾಳೆ ನಿರಪರಾಧಿಯ ಕಾರನ್ನು ತಡೆದಾಗಲೂ ಅವನಿಗಿರುವ ರಕ್ಷಣೆ ಈ ಕಲಮೇ.

ಈ ತೀರ್ಪು ಬರೆದವರು ನ್ಯಾಯಮೂರ್ತಿ ಸೈಯದ್ ಮುರ್ತಜಾ ಫಜಲ್ ಅಲಿ, 1951ರ ಆ ನ್ಯಾಯಮೂರ್ತಿಗಳ ಮಗ. ಇಂದಿಗೂ ರಾಜ್ಯದ ಅಬಕಾರಿ ಮೊಕದ್ದಮೆಗಳಲ್ಲಿ ವಕೀಲರು ಇದನ್ನು ಮುಂದಿಡುತ್ತಾರೆ.